ಕಾಲು ತೊಳೆದು ಬರಬೇಕಾದ ಕೋಣೆ

ಮೊನ್ನೆ ನಮ್ಮ ಬಸವಕಲ್ಯಾಣದ ಮನೆಯ ಪಡಸಾಲೆಯಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂದು ಕೂತಿತು. ಅಣ್ಣನ ಮಗಳು ಸಹನಾ ಚಾಕುವಿನಿಂದ ಅದರ ಟೇಪು ಸೀಳಿ, ಥರ್ಮಾಕೋಲಿನ ಎರಡು ಹೋಳುಗಳನ್ನು ಎಳೆದು ತೆಗೆದಳು. ಕಿರ್ರೆಂದು ಸದ್ದಾಯಿತು. ಹಿಂದೆಯೇ ವಾಸನೆ ಬಂತು. ಹೊಸ ಪ್ಲಾಸ್ಟಿಕ್ಕು, ಬಣ್ಣ ಬಳಿದ ತಗಡು, ಬೆಸುಗೆ ಎಲ್ಲ ಕೂಡಿದ, ಹೊಸ ಕಂಪ್ಯೂಟರಿಗೆ ಮಾತ್ರ ಇರುವ ವಾಸನೆ. ಹುಡುಗಿ ಕಣ್ಣು ಮುಚ್ಚಿ ಅದನ್ನು ಎಳೆದುಕೊಂಡಳು. ನನಗೆ ಅಲ್ಲಿ ಕೂಡಲಾಗಲಿಲ್ಲ. ಎದ್ದು ಅಂಗಳಕ್ಕೆ ಹೋದೆ.

ಈ ಕಂಪ್ಯೂಟರನ್ನು ಸಹನಾ ಅವಸರದಲ್ಲಿ ಕೊಂಡದ್ದಲ್ಲ. ತಿಂಗಳುಗಟ್ಟಲೆ ಫೋನಿನಲ್ಲಿ ಮುಖ ಹುದುಗಿಸಿ, ಯಾವ ಯಾವ ಊರಿನವರೋ ಮಾಡಿದ ವಿಮರ್ಶೆಗಳನ್ನೆಲ್ಲ ನೋಡಿ, ಒಂದೊಂದು ಬಿಡಿಭಾಗವನ್ನೂ ತಾನೇ ಆರಿಸಿದ್ದಳು. ಊಟಕ್ಕೆ ಕೂತರೂ ಅದೇ ಮಾತು. "ಕಾಕಾ, ಆ ಪವರ್ ಸಪ್ಲೈ ಬ್ಯಾಡಂತ. ಭಾಳ ಹಗುರ ಅದ ಅಂತ ಎಲ್ಲಾರೂ ಬಯ್ಯಾಕತ್ತಾರ." ಹಗುರವಿದ್ದರೆ ಬೇಡ ಎನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಅವಳ ಅಪ್ಪನ ಬಾಯಲ್ಲಿ. ಆಗ ಅವಳಿನ್ನೂ ತೊಟ್ಟಿಲಲ್ಲಿದ್ದಳು. ಅದೇ ಮಳೆಗಾಲದಲ್ಲಿ ನನ್ನ ಅಣ್ಣ ಚನ್ನಬಸಪ್ಪ ಹುಮನಾಬಾದಿನ ಒಂದು ಕೋಣೆಯಲ್ಲಿ, ತಾನೇ ಆರಿಸಿ ತಂದ ಕಂಪ್ಯೂಟರುಗಳ ನಡುವೆ ಸತ್ತುಹೋದ. ಅಂದಿನಿಂದ ನಮ್ಮ ಮನೆಯೊಳಗೆ ಕಂಪ್ಯೂಟರು ಬಂದಿರಲಿಲ್ಲ. ಕಾಲೇಜಿಗೆ ಬೇಕೇ ಬೇಕು ಎಂದು ಸಹನಾ ಹಟ ಹಿಡಿದಾಗ ಅವಳ ತಾಯಿ, ನನ್ನ ವೈನಿ, ಹೂಂ ಅಂದರು. ನಾನೂ ಹೂಂ ಅಂದೆ. ಅವ್ವನನ್ನು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಪೆಟ್ಟಿಗೆ ಬಂದಾಗ ಅವ್ವ ದೇವರ ಕೋಣೆಯ ಬಾಗಿಲಿಗೆ ಒರಗಿ ಕೂತು ಅದನ್ನೇ ನೋಡುತ್ತಿದ್ದಳು. ಹೆತ್ತ ಮಗನನ್ನು ತಿಂದ ವಸ್ತು ಮತ್ತೆ ಮನೆಗೆ ಬಂದಿದೆ, ಈಗ ಏನನ್ನುತ್ತಾಳೋ ಎಂದು ನಾವೆಲ್ಲ ಕಾದೆವು.

ಇಸವಿಯ ಸೊನ್ನೆಗಳಿಂದ ಲೋಕದ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂಬ ಗುಲ್ಲು ಎದ್ದು, ಏನೂ ಆಗದೆ ತಣ್ಣಗಾಗಿದ್ದ ವರ್ಷ ಅದು. ಹುಮನಾಬಾದಿನ ಹಳೆಯ ಬಜಾರಿನ ಹಿಂದಿನ ಓಣಿಯಲ್ಲಿ ಅಣ್ಣನ ಟೈಪಿಂಗ್ ಶಾಲೆ ಇತ್ತು. ದಿನಾ ಬೆಳಿಗ್ಗೆ ಇಬ್ಬರೂ ಬಸವಕಲ್ಯಾಣದಿಂದ ಬಸ್ಸು ಹತ್ತುತ್ತಿದ್ದೆವು. ನಾನು ಗುಲ್ಬರ್ಗಾದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಕೆಲಸ ಸಿಗದೆ ಅಣ್ಣನ ಬಾಲ ಹಿಡಿದಿದ್ದೆ. ಟೈಪ್‌ರೈಟರುಗಳ ಟಕಟಕ ಸದ್ದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದ ತಂದೆಯರು ಬಾಗಿಲಲ್ಲೇ ನಿಂತು, "ಕಂಪ್ಯೂಟರ್ ಇಲ್ಲೇನ್ರಿ?" ಎಂದು ಕೇಳಿ ಹಾಗೇ ತಿರುಗಿ ಹೋಗುತ್ತಿದ್ದರು.

"ಈ ಮಳಿಗಾಲದಾಗ ಕಂಪ್ಯೂಟರ್ ತರಲಿಲ್ಲಂದ್ರ ಬಾಗಲಾ ಹಾಕೋದೇ ತಮ್ಮಾ" ಎಂದು ಅಣ್ಣ ಒಂದು ದಿನ ಬಸ್ಸಿನಲ್ಲಿ ಹೇಳಿದ. ಮನೆಯಲ್ಲಿ ಎಳೆಗೂಸು, ಬಾಣಂತಿ ಹೆಂಡತಿ, ಅವ್ವ, ಕೆಲಸವಿಲ್ಲದ ತಮ್ಮನಾದ ನಾನು. ಶಾಲೆಯ ಬಾಗಿಲು ಮುಚ್ಚಿದರೆ ಮನೆಯ ಒಲೆಗೂ ಕಷ್ಟ ಎನ್ನುವುದನ್ನು ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ಅವನು ಹೋದವನೇ ಕೈಗೆ ಸಿಕ್ಕಿದ್ದನ್ನು ತರುವವರ ಪೈಕಿ ಅಲ್ಲ. ನಮ್ಮ ಕಡೆ ಹೆಣ್ಣು ನೋಡುವುದಕ್ಕೆ ಕನ್ಯಾ ನೋಡುವುದು ಅನ್ನುತ್ತಾರೆ. ಅಣ್ಣ ಕಂಪ್ಯೂಟರಿನ ಬಿಡಿಭಾಗಗಳನ್ನು ಕನ್ಯಾ ನೋಡಿದ ಹಾಗೇ ನೋಡಿದ. ಬೀದರಿನಿಂದ ಹಳೆಯ ಕಂಪ್ಯೂಟರ್ ಪತ್ರಿಕೆಗಳನ್ನು ತರಿಸಿಕೊಂಡ. ಅವು ಇಂಗ್ಲಿಷಿನವು. ಬಸ್ಸಿನಲ್ಲಿ ನಾನು ಓದಿ ಹೇಳಬೇಕು, ಅವನು ಕೇಳಬೇಕು. ಯಾವ ಮಾನಿಟರಿನ ಮೂಲೆಯಲ್ಲಿ ಬಣ್ಣ ಸೋರುತ್ತದೆ, ಯಾವ ಹಾರ್ಡ್ ಡಿಸ್ಕು ಬೇಗ ಬಿಸಿಯಾಗುತ್ತದೆ, ಯಾವ ಮೌಸಿನ ಗುಂಡು ಧೂಳಿಗೆ ಸಿಕ್ಕಿ ನಿಲ್ಲುತ್ತದೆ ಎಲ್ಲವೂ ಅವನಿಗೆ ಬಾಯಿಪಾಠವಾಯಿತು. ರಾಜೇಶ್ವರದಲ್ಲಿ ಹತ್ತಿದ ಬೇಳೆ ವ್ಯಾಪಾರಿಯೊಬ್ಬರು ಒಂದು ದಿನ ತಡೆಯಲಾರದೆ, "ಏನ್ರಿ ಸರ್, ಯಾರ ಮನಿ ಸಂಬಂಧ ಮಾತಾಡಾಕತ್ತೀರಿ?" ಎಂದು ಕೇಳಿಬಿಟ್ಟರು. ಅಣ್ಣ ನಗದೆ, "ಹುಡುಗಿ ಹೈದ್ರಾಬಾದಿಂದ್ರಿ, ಜರಾ ತಾಪ ಜಾಸ್ತಿ ಅಂತ ಸುದ್ದಿ" ಎಂದ. ಇಡೀ ಬಸ್ಸು ನಕ್ಕಿತು.

ಮುಂಗಾರು ಹಿಡಿಯುವ ಹೊತ್ತಿಗೆ ಇಬ್ಬರೂ ಹೈದರಾಬಾದಿಗೆ ಹೋದೆವು. ಮೂರು ಮಹಡಿಯ ಕಟ್ಟಡ, ಒಂದೊಂದು ಗೂಡಿನಂಥ ಅಂಗಡಿ, ಒಂದೊಂದರಲ್ಲೂ ಮೇಲಿನಿಂದ ಕೆಳಗಿನವರೆಗೆ ಪೆಟ್ಟಿಗೆಗಳು. ನಾನು ಪತ್ರಿಕೆಯ ಹಾಳೆ ಹಿಡಿದು ಹೆಸರು ಕೇಳುತ್ತಿದ್ದೆ. ಅಣ್ಣ ಕೈಯಿಂದ ಕೇಳುತ್ತಿದ್ದ. ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಟೈಪ್‌ರೈಟರಿನ ಪಾಠವನ್ನು ಒಮ್ಮೆ ಹೊಡೆದು ನೋಡುವನು. ಕೀಲಿ ಮೆತ್ತಗಿದ್ದರೆ, "ಇದು ನಮ್ಮ ಸೋದರಮಾವನಂಗ ಅದ, ಎಲ್ಲಾದಕ್ಕೂ ಹೂಂ ಅಂತದ" ಎಂದು ಪಕ್ಕಕ್ಕೆ ಇಡುವನು. ಕ್ಯಾಬಿನೆಟ್ಟಿನ ಒಳ ಅಂಚಿಗೆ ಬೆರಳು ಸವರಿ ತಗಡು ಹರಿತವಿದೆಯೇ ನೋಡುವನು. ಫ್ಯಾನನ್ನು ಕಿವಿಯ ಹತ್ತಿರ ಹಿಡಿದು ಕೇಳುವನು. ಪವರ್ ಸಪ್ಲೈಗಳನ್ನು ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ತೂಗಿ, ಹಗುರವಾದದ್ದನ್ನು ವಾಪಸು ಕೊಡುವನು. "ಹಗುರ ಇದ್ದದ್ದು ಬ್ಯಾಡ ತಮ್ಮಾ. ಒಳಗ ತಾಮ್ರ ಇಲ್ಲಂದ್ರ ತೂಕ ಎಲ್ಲಿಂದ ಬರ್ತದ?" ಅಂಗಡಿಯವನು ಮೊದಮೊದಲು ಬೇಸತ್ತ, ಆಮೇಲೆ ಮೆಚ್ಚಿಕೊಂಡು ಚಹಾ ತರಿಸಿದ. ಕರೆಂಟು ಹೋದ ಮೇಲೂ ಕಂಪ್ಯೂಟರು ನಡೆಸುವ ಯು.ಪಿ.ಎಸ್. ಆರಿಸುವುದಕ್ಕೇ ಒಂದು ಮಧ್ಯಾಹ್ನ ಹೋಯಿತು. ಅಣ್ಣ ಒಂದೊಂದನ್ನೂ ಹಚ್ಚಿಸಿ, ಕರೆಂಟು ತೆಗೆಸಿ, ಅದು ಎಷ್ಟು ಹೊತ್ತು ಬಾಳುತ್ತದೆಂದು ಎದುರಿಗೆ ಕೂತು ಕಾದ. ಹೊರಡುವಾಗ ಅಂಗಡಿಯವನು ಬಾಗಿಲವರೆಗೆ ಬಂದು, ಅರ್ಥಿಂಗ್ ಸರಿಯಾಗಿ ಮಾಡಿಸಿಕೊಳ್ಳಿ ಎನ್ನುವಂತೆ, "ಅರ್ಥಿಂಗ್ ಪಕ್ಕಾ ಕರಾಲೋ ಸಾಬ್" ಎಂದ. ಅಣ್ಣ ತಲೆಯಾಡಿಸಿದ.

ವಾಪಸು ಬರುವಾಗ ಮಳೆ. ಪೆಟ್ಟಿಗೆಗಳನ್ನು ಸೀಟಿನ ಕೆಳಗೆ ಸೇರಿಸಿ, ಒಂದು ಮಾನಿಟರನ್ನು ಅಣ್ಣ ತೊಡೆಯ ಮೇಲೇ ಇಟ್ಟುಕೊಂಡು ಕೂತ. ಮನ್ನಾಏಖೇಳ್ಳಿಯಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಎಲ್ಲರೂ ಇಳಿದರು, ಅವನು ಇಳಿಯಲಿಲ್ಲ. ನಾನು ಕಿಟಕಿಯಿಂದ ಚಹಾ ಕೊಟ್ಟೆ. ಪೆಟ್ಟಿಗೆಯ ಮೇಲೆ ಒಂದು ಹನಿ ಬೀಳದ ಹಾಗೆ ಕುತ್ತಿಗೆ ಹೊರಗೆ ಚಾಚಿ ಕುಡಿದ. ಅವನ ಮುಖ ಅಷ್ಟು ಬೆಳಗಿದ್ದನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ.

ಶಾಲೆ ಇದ್ದದ್ದು ಹಳೆಯ ವಾಡೆಯ, ಅಂದರೆ ಹಳೆಗಾಲದ ದೊಡ್ಡ ಮನೆಯ, ಒಂದು ಭಾಗದಲ್ಲಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಕೆಳಗೆ ಶಹಾಬಾದಿ ಕಲ್ಲಿನ ಫರಸಿ. ಬೇಸಿಗೆಯಲ್ಲೂ ಕಾಲಿಗೆ ತಣ್ಣಗೆ ಹತ್ತುವ ನೆಲ. ಒಳಗಿನ ಕೋಣೆಗೆ ಸುಣ್ಣ ಬಳಿಸಿ ನಾಲ್ಕು ಕಂಪ್ಯೂಟರು ಇಟ್ಟೆವು. ಮಳೆಗಾಲದಲ್ಲಿ ಕಟ್ಟಿಗೆಗೆ ಗೆದ್ದಲು ಹತ್ತುತ್ತದೆಂದು ಅಣ್ಣ ಮಾಣಿಕನಗರದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಟೇಬಲ್ಲುಗಳನ್ನು ಮಾಡಿಸಿದ. ಕೆಳಗೆ ಕಬ್ಬಿಣದ ಗಾಲಿ ಹಾಕಿಸಿದ, ದಿನಾ ಸರಿಸಿ ಒರೆಸಲು ಅನುಕೂಲ ಎಂದು. ವೈನಿ ಬಾಣಂತನದ ಹಾಸಿಗೆಯಲ್ಲೇ ಕೂತು ನೀಲಿ ಬಟ್ಟೆಯಲ್ಲಿ ಮಾನಿಟರಿಗೆ, ಕೀಬೋರ್ಡಿಗೆ ಹೊದಿಕೆ ಹೊಲಿದುಕೊಟ್ಟರು. ಅಂಚಿಗೆ ಕೆಂಪು ಪಟ್ಟಿ ಕೂಡ ಇಟ್ಟಿದ್ದರು.

ಆ ಕಾಲದಲ್ಲಿ ಕಂಪ್ಯೂಟರು ಇದ್ದ ಕಡೆಯೆಲ್ಲ ಚಪ್ಪಲಿ ಹೊರಗೆ ಬಿಡಿಸುತ್ತಿದ್ದರು. ಧೂಳು ಹೋದರೆ ಕೆಡುತ್ತದೆ ಎಂಬ ಭಯ ಒಂದು, ದೊಡ್ಡ ವಸ್ತು ಎಂಬ ಭಕ್ತಿ ಇನ್ನೊಂದು. ಅಣ್ಣ ಒಂದು ಹೆಜ್ಜೆ ಮುಂದೆ ಹೋದ. ನಮ್ಮ ಎರೆಭೂಮಿಯ ಮಳೆಗಾಲ ಗೊತ್ತಿದ್ದವರಿಗೇ ಗೊತ್ತು. ಕೆಸರು ಚಪ್ಪಲಿಗಷ್ಟೇ ಅಲ್ಲ, ಹಿಮ್ಮಡಿಯವರೆಗೆ ಹತ್ತಿಕೊಂಡು ಬರುತ್ತದೆ. ಅದಕ್ಕೆ ಬಾಗಿಲಲ್ಲಿ ಒಂದು ಬಕೀಟು ನೀರು, ಒಂದು ತಂಬಿಗೆ ಇಡಿಸಿದ. ಮೇಲೆ ತಾನೇ ಕನ್ನಡ ಟೈಪ್‌ರೈಟರಿನಲ್ಲಿ ಹೊಡೆದ ಹಾಳೆ ಅಂಟಿಸಿದ: ಚಪ್ಪಲಿ ಹೊರಗೆ ಬಿಡಿ, ಕಾಲು ತೊಳೆದು ಒಳಗೆ ಬನ್ನಿ. ಮನೆಯಲ್ಲಿ ಅವ್ವ ನಡೆಸುತ್ತಿದ್ದ ಕಾನೂನೇ ಇದು. ಅವ್ವ ಕಟ್ಟುನಿಟ್ಟಿನ ಹೆಂಗಸು, ಇಷ್ಟಲಿಂಗ ಪೂಜೆ ತಪ್ಪಿಸಿದವಳಲ್ಲ. ಮನೆಗೆ ಬಂದ ಡಾಕ್ಟರನ್ನೂ ಬೂಟು ಬಿಚ್ಚಿಸಿ, ಕಾಲಿಗೆ ನೀರು ಕೊಟ್ಟ ಮೇಲೆಯೇ ಒಳಗೆ ಬಿಟ್ಟವಳು. ಕೋಣೆಯ ಪೂಜೆಯ ದಿನ ಅವಳೂ ಬಂದಿದ್ದಳು. ಒಂದೊಂದು ಮಾನಿಟರಿಗೂ ವಿಭೂತಿ ಹಚ್ಚಿ, ಬಾಗಿಲ ಹಾಳೆಯನ್ನು ನನ್ನಿಂದ ಓದಿಸಿ ಕೇಳಿ, ಅಣ್ಣನಿಗೆ ಹೇಳಿದಳು. "ಛಲೋ ಮಾಡಿದಿ ನೋಡು. ಇಲ್ಲಿ ಚಪ್ಪಲ್ ಬರಬ್ಯಾಡ. ನೀನೂ ಹಾಕ್ಕೋಬ್ಯಾಡ, ಯಾರಿಗೂ ಹಾಕ್ಕೊಳ್ಳಾಕ ಬಿಡಬ್ಯಾಡ." ಅಣ್ಣ, "ಆತವ್ವಾ" ಎಂದ.

ಇನ್ನು ಅರ್ಥಿಂಗ್. ಹೈದರಾಬಾದಿನ ಅಂಗಡಿಯವನು ಹೇಳಿದ್ದನ್ನು ಅಣ್ಣ ಮರೆತಿರಲಿಲ್ಲ. ತಂತಿಯಲ್ಲಿ ದೋಷವಾಗಿ ಕಬ್ಬಿಣಕ್ಕೆ ಹರಿದ ಕರೆಂಟು ಮನುಷ್ಯನ ಮೈಯಿಂದ ಹೋಗದೆ ಸೀದಾ ಮಣ್ಣಿಗೆ ಇಳಿಯಲು ಒಂದು ದಾರಿ ಮಾಡಬೇಕು. ಅಂಗಳದಲ್ಲಿ ಆಳದ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಲೋಹದ ತಗಡು ಹೂತು, ಅದಕ್ಕೆ ತಂತಿ ಕಟ್ಟಬೇಕು. ಅಣ್ಣ ವಾಡೆಯ ಯಜಮಾನರನ್ನು ಕೇಳಿದ. ಅವರು ಒಳ್ಳೆಯವರೇ. ಆದರೆ ಗೋಡೆಯನ್ನು ತೋರಿಸಿ, "ಚನ್ನಬಸಪ್ಪಾ, ಇದು ಮಣ್ಣಿನ ಗ್ವಾಡಿ. ಮಳಿಗಾಲದಾಗ ಬುಡದಾಗ ತೋಡಿದ್ರ ಕುಂತುಬಿಡ್ತದ. ದಸರಾ ಆಗ್ಲಿ, ನೆಲಾ ಒಣಗಲಿ, ಆಮ್ಯಾಗ ಒಂದಲ್ಲ ಎರಡು ತೋಡು" ಎಂದರು. ಅದೂ ಸುಳ್ಳಲ್ಲ. ಅದೇ ಓಣಿಯಲ್ಲಿ ಹಿಂದಿನ ವರ್ಷ ಒಂದು ಗೋಡೆ ಹಾಗೇ ಕೂತಿತ್ತು. ದಸರೆಯವರೆಗೆ ಕಾದರೆ ಹೊಸ ಬ್ಯಾಚು ತಪ್ಪಿ ಹೋಗುತ್ತದೆ. ಹೀಗಾಗಿ ಗುಂಡಿ ಮುಂದಕ್ಕೆ ಹೋಯಿತು, ತರಗತಿ ಶುರುವಾಯಿತು.

ವೈರಿಂಗ್ ಮಾಡಿದ ಸಿದ್ರಾಮ ಅಣ್ಣನ ಹಳೆಯ ಗೆಳೆಯ. ಯು.ಪಿ.ಎಸ್.ನ ಮೂರು ಪಿನ್ನಿನ ಪ್ಲಗ್ಗು ಗೋಡೆಯ ಹಳೆಯ ಬೋರ್ಡಿಗೆ ಕೂಡದಿದ್ದಾಗ ಮೇಲಿನ ದಪ್ಪ ಪಿನ್ನನ್ನು ಇಕ್ಕಳದಿಂದ ಮುರಿದು ತೆಗೆದ. "ಇದರ ತಂತಿ ಹೋಗ್ಬೇಕಾದ ಗುಂಡೀನೇ ಇಲ್ಲಲ್ರಿ ಸರ್, ಪಿನ್ ಇದ್ದು ಏನ್ ಮಾಡ್ತದ?" ಎಂದ. ನಮ್ಮ ಊರುಗಳಲ್ಲಿ ಮಿಕ್ಸರಿನಿಂದ ಹಿಡಿದು ಫ್ರಿಜ್ಜಿನವರೆಗೆ ಎಲ್ಲದರ ದಪ್ಪ ಪಿನ್ನಿಗೂ ಅದೇ ಗತಿ. ಎಷ್ಟು ಪತ್ರಿಕೆ ಓದಿದ್ದೆವು! ಪರದೆಯ ಮೂಲೆಯ ಒಂದು ಹಳದಿ ಚುಕ್ಕೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದರು. ಪ್ಲಗ್ಗಿನ ಮೂರನೆಯ ಪಿನ್ನಿನ ಬಗ್ಗೆ, ಕಾಲ ಕೆಳಗಿನ ನೆಲದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮೊದಲ ದಿನದಿಂದಲೇ ಕಂಪ್ಯೂಟರುಗಳು ಝುಮ್ ಅನ್ನುತ್ತಿದ್ದವು. ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂವಿಗೆ ಬೆರಳು ತಾಕಿದರೆ ಇರುವೆ ಹರಿದ ಹಾಗೆ. ಸಿದ್ರಾಮನನ್ನು ಕರೆಸಿದೆವು. "ಎಲ್ಲಾ ಕಂಪ್ಯೂಟರೂ ಹಿಂಗೇ ಇರ್ತಾವ್ರಿ. ಬ್ಯಾಂಕಿನಾಗಿಂದೂ ಝುಮ್ ಅಂತದ" ಎಂದ. ಅದು ಒಂದು ಮಟ್ಟಿಗೆ ನಿಜವೇ, ಅರ್ಥಿಂಗ್ ಇಲ್ಲದ ಕಡೆಯೆಲ್ಲ ಆ ಸಣ್ಣ ಝುಮ್ ಇರುತ್ತದೆ, ಅದರಿಂದ ಯಾರೂ ಸಾಯುವುದಿಲ್ಲ. ನಾವೆಲ್ಲ ಅದಕ್ಕೆ ಹೊಂದಿಕೊಂಡೆವು. ಹುಡುಗರು ಒಬ್ಬರಿಗೊಬ್ಬರು ಬೆರಳು ಮುಟ್ಟಿಸಿ ನಗುತ್ತಿದ್ದರು. ಅಣ್ಣನಂತೂ ಬೆಳಿಗ್ಗೆ ಹಚ್ಚಿದ ಕೂಡಲೇ ಸ್ಕ್ರೂ ಮುಟ್ಟಿ, "ಎದ್ದಾನ ನೋಡು" ಎನ್ನುತ್ತಿದ್ದ. ಝುಮ್ ಎನ್ನುವುದು ಯಂತ್ರಕ್ಕೆ ಜೀವ ಬಂದ ಗುರುತು ಎಂದೇ ಆ ಕೋಣೆಯಲ್ಲಿ ರೂಢಿಯಾಯಿತು.

ಶಾಲೆ ತುಂಬಿತು. ಚಿಟಗುಪ್ಪಾದಿಂದ, ಬಸವಕಲ್ಯಾಣದ ಕಡೆಯ ಹಳ್ಳಿಗಳಿಂದಲೂ ಬಂದರು. ಕಂಪ್ಯೂಟರು ಕೊಳ್ಳುವವರು ಅಣ್ಣನ ಹತ್ತಿರ ಯಾವುದು ಛಲೋ ಎಂದು ಕೇಳಲು ಬಂದು ಕೂಡತೊಡಗಿದರು. ಕಲಿಯಲು ಬಂದವರಲ್ಲಿ ಮುಡಬಿಯ ಮಹಾದೇವಿ ಒಬ್ಬಳು. ಕುರಿ ಸಾಕುವ ಮನೆಯ ಹುಡುಗಿ. ಟಂಟಂ ಆಟೋ ಹತ್ತಿ, ಆಮೇಲೆ ಬಸ್ಸು ಹತ್ತಿ ಬರುತ್ತಿದ್ದಳು. ಟೈಪಿಂಗ್ ಪರೀಕ್ಷೆ ಪಾಸಾದರೆ ಮದುವೆ ಮುಂದೆ ಹಾಕುವುದಾಗಿ ಅವಳ ತಂದೆ ಕಂಬಳಿ ಹೊದ್ದು ಬಂದು ಅಣ್ಣನ ಎದುರು ಒಪ್ಪಿ ಹೋಗಿದ್ದರು. ಹುಡುಗಿಗೆ ಒಂದು ಚಾಳಿ ಇತ್ತು. ಮನೆಯ ಕಟ್ಟೆಯ ಮೇಲೆ ಕೂತ ಹಾಗೆ ಕಟ್ಟಿಗೆಯ ಕುರ್ಚಿಯ ಮೇಲೆ ಎರಡೂ ಕಾಲು ಮಡಚಿ ಕೂಡುತ್ತಿದ್ದಳು. ಅಣ್ಣ ದಿನಾ ಬಯ್ಯುತ್ತಿದ್ದ. "ಕಾಲ ಕೆಳಗ ಬಿಡು ತಂಗಿ. ಬೆನ್ನ ನೆಟ್ಟಗಾಗ್ತದ." ಅವಳು ಕಾಲು ಇಳಿಸುತ್ತಿದ್ದಳು, ಅವನು ಆಚೆ ಹೋದ ಕೂಡಲೇ ಮತ್ತೆ ಮೇಲೆ. ಝುಮ್ ಎನ್ನುವುದಕ್ಕೆ ಹೊಂದಿಕೊಳ್ಳದವಳು ಅವಳೊಬ್ಬಳೇ. "ಸರ್, ಇದು ಕಡೀತದ್ರಿ" ಎನ್ನುವಳು. "ಕಡಿಯಂಗಿಲ್ಲ ತಂಗಿ, ಮಾತಾಡಸ್ತದ" ಎಂದು ಅಣ್ಣ ನಗುವನು.

ಶ್ರಾವಣದಲ್ಲಿ ಮಳೆ ಹಿಡಿದುಕೊಂಡಿತು. ಕೋಣೆಯ ಫರಸಿ ಒಣಗಲೇ ಇಲ್ಲ. ಅಣ್ಣ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಬ್ಯಾಚಿಗೆ ಮುಂಚೆ ಒಮ್ಮೆ, ತಾನೇ ಟೇಬಲ್ಲು ಸರಿಸಿ ನೆಲ ಒರೆಸುತ್ತಿದ್ದ. ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಹಾಗೆ ಸರಿಸಿದಾಗಲೆಲ್ಲ ಕಿಟಕಿಯ ಕಡೆಯ ಟೇಬಲ್ಲಿನ ಒಂದು ಗಾಲಿ ಗೋಡೆಯಿಂದ ಬಂದ ಕರೆಂಟಿನ ವೈರಿನ ಮೇಲೆ ಹಾಯುತ್ತಿತ್ತು. ಅಷ್ಟು ಭಾರದ ಕಬ್ಬಿಣ ದಿನಾ ಹಾಯ್ದು ಹಾಯ್ದು ವೈರಿನ ರಬ್ಬರು ಸವೆದುಹೋಗಿತ್ತು. ಕೆಳಗೆ ಬಗ್ಗಿ ನೋಡಿದವರಿಗೆ ಮಾತ್ರ ಕಾಣುವ ಜಾಗ ಅದು.

ಆ ಮಧ್ಯಾಹ್ನ ನಾನು ಹೊರಗಿನ ಕೋಣೆಯಲ್ಲಿ ಹಲಗೆಯ ಮೇಲೆ ಏನೋ ಬರೆಯುತ್ತಿದ್ದೆ. ಬ್ಯಾಚಿಗೆ ಮೊದಲು ಬಂದವಳು ಮಹಾದೇವಿ. ಕಾಲು ತೊಳೆದು ಒಳಗೆ ಹೋಗಿ ಕಿಟಕಿಯ ಕಡೆಯ ಕಂಪ್ಯೂಟರು ಹಚ್ಚಿ ಕೂತಳು. ಅಣ್ಣ ಒಳಗೆ ನೆಲ ಒರೆಸಿಟ್ಟು ಹೊಸ ಫ್ಲಾಪಿ ತರಲು ಬಜಾರಿಗೆ ಹೋಗಿದ್ದವನು ತೋಯಿಸಿಕೊಂಡು ವಾಪಸು ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ. ತಂಬಿಗೆಯಿಂದ ಎರಡೂ ಕಾಲಿಗೆ ನೀರು ಹಾಕಿಕೊಂಡ. ಆ ನೀರಿನ ಸದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಒಳಗಿನಿಂದ ಮಹಾದೇವಿ, "ಸರ್, ಇವತ್ತ ಟೇಬಲ್ಲೇ ಕಡ್ಯಾಕತ್ತದ್ರಿ. ಜೋರ್ ಕಡೀತದ್ರಿ" ಎಂದಳು. ಟೇಬಲ್ಲಿನ ಅಂಚು ಕೈಗೆ ತಾಕಿ, ಹೊಡೆತಕ್ಕೆ ಬೆದರಿ, ಎರಡೂ ಕಾಲು ಕುರ್ಚಿಯ ಮೇಲೆ ಎಳೆದುಕೊಂಡು ಮುದುಡಿ ಕೂತಿದ್ದಳಂತೆ. ಅಣ್ಣ ನಗುನಗುತ್ತಲೇ ಒಳಗೆ ಹೋದ. "ಎಷ್ಟ ಅಂಜ್ತಿ ತಂಗಿ? ನೋಡಿಲ್ಲಿ" ಎಂದ. ಅವಳ ಹೆದರಿಕೆ ಬಿಡಿಸಲು ಟೇಬಲ್ಲಿನ ಅಂಚನ್ನು ಇಡೀ ಅಂಗೈಯಿಂದ ಹಿಡಿದ.

ಹಿಡಿದ ಕೈ ಬಿಡಲಿಲ್ಲ.

ಮಹಾದೇವಿಯ ಕೂಗು ಕೇಳಿ ಓಡಿದೆ. ಬಾಗಿಲ ಪಕ್ಕದ ಮೇನ್ ಸ್ವಿಚ್ಚು ಕೆಳಗೆ ಎಳೆದೆ. ಅಣ್ಣ ಫರಸಿಯ ಮೇಲೆ ಬಿದ್ದ. ಕೋಣೆಯ ದೀಪ, ಫ್ಯಾನು ಎಲ್ಲ ನಿಂತವು. ಕಂಪ್ಯೂಟರು ನಿಲ್ಲಲಿಲ್ಲ. ಅವನು ಒಂದು ಮಧ್ಯಾಹ್ನವೆಲ್ಲ ಪರೀಕ್ಷಿಸಿ ಆರಿಸಿದ ಯು.ಪಿ.ಎಸ್. ಕರೆಂಟು ಹೋದೊಡನೆ ತನ್ನ ಕೆಲಸ ಶುರು ಮಾಡಿ ಕುಂಯ್ ಕುಂಯ್ ಅನ್ನತೊಡಗಿತು. ಪರದೆ ಬೆಳಗುತ್ತಲೇ ಇತ್ತು. ನಾನು ಅವನ ಎದೆ ಒತ್ತುತ್ತಿದ್ದೆ, ಹೆಸರು ಹಿಡಿದು ಕೂಗುತ್ತಿದ್ದೆ, ಆ ದರಿದ್ರದ್ದು ಕುಂಯ್ಗುಡುತ್ತಲೇ ಇತ್ತು. ಯಾರೋ ಜೀಪು ತಂದರು. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು ಬಿಡಿಸಿ ನೋಡಿ, ನನ್ನ ಹೆಗಲ ಮೇಲೆ ಕೈ ಇಟ್ಟರು. ಅಣ್ಣನ ಪಾದಗಳು ಮಾತ್ರ ತೊಳೆದಿಟ್ಟ ಹಾಗೆ ಸ್ವಚ್ಛವಾಗಿದ್ದವು.

ಮರುದಿನ ಬಸವಕಲ್ಯಾಣದಲ್ಲಿ ನಮ್ಮ ಹೊಲದಲ್ಲಿ ಮಣ್ಣು ಕೊಟ್ಟೆವು. ಮಳೆ ನಿಂತಿರಲಿಲ್ಲ. ತೋಡಿದಷ್ಟೂ ನೀರು ಒಸರಿ ಬರುತ್ತಿತ್ತು. ಬಕೀಟಿನಿಂದ ಎತ್ತಿ ಹಾಕಿ, ಮತ್ತೆ ತೋಡಿ, ನಮ್ಮ ಪದ್ಧತಿಯಂತೆ ಅಣ್ಣನನ್ನು ಕೂಡ್ರಿಸುವಷ್ಟು ಜಾಗ ಮಾಡಿದರು. ಮಳೆಗಾಲದಲ್ಲಿ ನೆಲ ತೋಡಬೇಡ ಎಂದಿದ್ದ ವಾಡೆಯ ಯಜಮಾನರು ಛತ್ರಿ ಇಲ್ಲದೆ ಬಂದು ಗುಂಡಿಯ ಅಂಚಿನಲ್ಲೇ ತೋಯುತ್ತ ನಿಂತಿದ್ದರು. ಅವರ ಮೇಲೆ ಹರಿಹಾಯಬೇಕೆಂದು ಬಾಯಿಯವರೆಗೆ ಬಂದಿತ್ತು. ಅವರ ಮುಖ ನೋಡಿ ಸುಮ್ಮನಾದೆ. ಸಿದ್ರಾಮ ಟೇಬಲ್ಲು ಎತ್ತಿಸಿ, ಗಾಲಿಯ ಕೆಳಗೆ ತಾಮ್ರ ಕಾಣುವ ವೈರನ್ನು ಕಂಡು, ಅಲ್ಲೇ ತಲೆ ಚಚ್ಚಿಕೊಂಡಿದ್ದನಂತೆ. ಯಾರನ್ನು ಬಯ್ಯಬೇಕು? ಇಕ್ಕಳ ಹಿಡಿದವನನ್ನೇ, ಗೋಡೆಗೆ ಹೆದರಿದವರನ್ನೇ, ಒರೆಸಿ ಒರೆಸಿ ನೆಲ ಹೊಳೆಯಿಸಿದ ಅಣ್ಣನನ್ನೇ? ಆ ಸಿಟ್ಟು ಎಲ್ಲೂ ಇಳಿಯದೆ ನನ್ನಲ್ಲೇ ಉಳಿಯಿತು.

ಕೆಲವು ದಿನಗಳ ಮೇಲೆ ಮಹಾದೇವಿ ತಂದೆಯ ಜೊತೆ ಮನೆಗೆ ಬಂದಳು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ಅವ್ವನ ಎದುರು ಕೂತಳು. ಬಹಳ ಹೊತ್ತು ಅತ್ತಳು. ವೈನಿ ಒಳಗೆ ಕೂಸನ್ನು ಎದೆಗೆ ಹಾಕಿಕೊಂಡು ಗೋಡೆ ನೋಡುತ್ತಿದ್ದರು.

"ನಾ ಕಾಲ ಮ್ಯಾಲ ಇಟ್ಟಿದ್ದಕ್ಕ ಉಳದೆ ಅವ್ವಾ. ಸರ್ ದಿನಾ ಬಯ್ತಿದ್ರು, ನಾ ಕೇಳ್ತಿರಲಿಲ್ಲ" ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಸರ್ ಕಾಲಾಗ ರಬ್ಬರ್ ಚಪ್ಪಲ್ ಇದ್ದಿದ್ರ ಉಳೀತಿದ್ರಂತ. ಡಾಕ್ಟರ್ ನಮ್ಮಪ್ಪಗ ಹೇಳ್ಯಾರ" ಎಂದಳು.

ಹುಡುಗಿ ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ದುಃಖಕ್ಕೆ ಹೇಳಿದಳು. ಅವ್ವ ಮಾತ್ರ ಕೈಯಲ್ಲಿದ್ದ ವಿಭೂತಿಯ ಗಟ್ಟಿಯನ್ನು ಕೆಳಗಿಟ್ಟು ಅವಳನ್ನೇ ನೋಡಿದಳು. "ಹೌದೇನು?" ಎಂದಳು. ಅಷ್ಟೇ. ಆ ದಿನದಿಂದ ಯಾರಾದರೂ ಅಣ್ಣನ ಸಾವಿನ ಮಾತು ಎತ್ತಿದರೆ ಅವ್ವ ಎದ್ದು ಹೋಗಿಬಿಡುತ್ತಿದ್ದಳು. ಮನೆಯ ಕಾನೂನು ಮಾತ್ರ ಬದಲಾಗಲಿಲ್ಲ. ಹೊಸ್ತಿಲ ಒಳಗೆ ಯಾರ ಚಪ್ಪಲಿಯೂ ಬರಲಿಲ್ಲ.

ಮಹಾದೇವಿ ಮತ್ತೆ ಟೈಪಿಂಗಿಗೆ ಕೂಡಲಿಲ್ಲ. ಆ ಚಳಿಗಾಲದಲ್ಲೇ ಅವಳ ಮದುವೆಯಾಯಿತೆಂದು ಕೇಳಿದೆ. ಕಂಪ್ಯೂಟರುಗಳನ್ನು ಬೀದರಿನ ಕಡೆಯವರು ಯಾರೋ ಕೊಂಡರು. ಒಪ್ಪಿಸುವ ಮುಂಚೆ ಒಂದೊಂದನ್ನೂ ಹಚ್ಚಿ ತೋರಿಸಬೇಕಾಯಿತು. ಒಂದೂ ಕೆಟ್ಟಿರಲಿಲ್ಲ. ಮಾನಿಟರಿನ ಮೂಲೆಗಳು ಬೆಳ್ಳಗೆ, ಫ್ಯಾನುಗಳು ಮೆಲ್ಲಗೆ, ಎಲ್ಲವೂ ಅವನು ಹೇಳಿದ ಹಾಗೇ ಉತ್ತಮ ದರ್ಜೆಯವು. ಕೊಂಡವರು, "ಛಲೋ ಮಾಲ್ ಆರ್ಸ್ಯಾರ ನೋಡ್ರಿ" ಎಂದು ಮೆಚ್ಚಿದರು. ಅವರು ಹೋದ ಮೇಲೆ ಉಳಿದಿದ್ದ ಒಂದು ಕೀಬೋರ್ಡನ್ನು ಸಿಟ್ಟಿಗೆ ಫರಸಿಗೆ ಬಡಿದೆ. ಅದೂ ಒಡೆಯಲಿಲ್ಲ. ಮುಂದೆ ನನಗೆ ಸರಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು, ಮನೆ ನಡೆಯಿತು, ಕೂಸು ಬೆಳೆಯಿತು.

ಮೊನ್ನೆ ನಾನು ಅಂಗಳಕ್ಕೆ ಎದ್ದು ಹೋದದ್ದು ವಾಸನೆ ತಾಳಲಾರದೆ ಅಷ್ಟೇ ಅಲ್ಲ. ಪೆಟ್ಟಿಗೆ ಬರುವ ಮೊದಲೇ ಆಳು ಹಚ್ಚಿ ಅರ್ಥಿಂಗಿನ ಗುಂಡಿ ತೋಡಿಸಿದ್ದೆ. ಅದು ಒಣಗದಿರಲೆಂದು ಬಾಯಿಗೆ ಎರಡು ಕೊಡ ನೀರು ಹಾಕಿ, ಒಳಗೆ ಬಂದು ಬೋರ್ಡಿನ ಮೂರೂ ತೂತುಗಳನ್ನು ಟೆಸ್ಟರಿನಿಂದ ಮತ್ತೊಮ್ಮೆ ನೋಡಿದೆ. ಎಲೆಕ್ಟ್ರಿಷಿಯನ್ ಹುಡುಗ ಆಗಲೇ ನೋಡಿ ಹೋಗಿದ್ದ. ನನಗೆ ಸಮಾಧಾನವಿರಲಿಲ್ಲ.

ಅಷ್ಟರಲ್ಲಿ ಸಹನಾ ಎಲ್ಲವನ್ನೂ ಜೋಡಿಸಿ ಮುಗಿಸಿದ್ದಳು. ಗಾಜಿನ ಬಾಗಿಲಿನ ಕ್ಯಾಬಿನೆಟ್ಟು, ಒಳಗೆ ತಿರುಗಲು ಕಾದಿರುವ ಫ್ಯಾನುಗಳು. ಕೀಬೋರ್ಡಿನ ಕೀಲಿಗಳನ್ನು ಕಣ್ಣು ಮುಚ್ಚಿ ಒತ್ತಿ ನೋಡುತ್ತಿದ್ದಳು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

"ಹಚ್ಚಲೇನ್ ಕಾಕಾ?" ಎಂದು ಸಹನಾ ಸ್ವಿಚ್ಚಿಗೆ ಕೈ ಹಾಕಿದಳು.

"ನಿಂದ್ರು" ಎಂದಳು ಅವ್ವ.

ಅವ್ವ ಗೋಡೆ ಹಿಡಿದು ಎದ್ದಳು. ನಮ್ಮ ಯಾರ ಮುಖವನ್ನೂ ನೋಡದೆ ಹೊಸ್ತಿಲು ದಾಟಿ ಹೊರಗೆ ಹೋದಳು. ವಾಪಸು ಬಂದಾಗ ಅವಳ ಕೈಯಲ್ಲಿ ಸಹನಾಳ ರಬ್ಬರಿನ ಚಪ್ಪಲಿಗಳಿದ್ದವು. ಅವನ್ನು ಸೆರಗಿನಿಂದ ಒರೆಸುತ್ತ, ದೇವರ ಕೋಣೆಯ ಎದುರಿನಿಂದಲೇ ಹಾಯ್ದು, ಪಡಸಾಲೆಯ ನಡುವೆ ಬಂದು, ಬಹಳ ಕಷ್ಟದಿಂದ ಬಗ್ಗಿ ಮೊಮ್ಮಗಳ ಕಾಲ ಹತ್ತಿರ ಇಟ್ಟಳು.

"ಆಯಿ, ಮನ್ಯಾಗ ಚಪ್ಪಲ್?" ಎಂದು ಹುಡುಗಿ ದಂಗಾಗಿ ಕೇಳಿದಳು.

"ಹಾಕ್ಕೊ" ಎಂದಳು ಅವ್ವ. "ನಿಮ್ಮಪ್ಪಗ ಬ್ಯಾಡ ಅಂದಿದ್ದೆ."

ಸಹನಾ ಎರಡೂ ಕಾಲು ಚಪ್ಪಲಿಯೊಳಗೆ ಸೇರಿಸುವವರೆಗೂ ಅವ್ವ ಬಗ್ಗಿಯೇ ಇದ್ದಳು.